ಕಾಲ ಕೆಳಗೆ ಕುದಿಯೋ ನೆಲ: ನೀವು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೇಲಿ ಐಸ್‌ಲ್ಯಾಂಡಿನ ಹೆಂಗಿಲ್ ಅನ್ನೋ ಜ್ವಾಲಾಮುಖಿ ಸೀಮೆ ಬಗ್ಗೆ ಬರೆದಿದ್ದೆ. ಗೈಡ್ ಜೊತೆ ಬೆಳಗ್ಗೆ ಹೊರಟು, ಹೊಗೆ ಉಗುಳೋ ಗುಡ್ಡಗಳ ನಡುವೆ ಇಡೀ ದಿನ ನಡೆದು, ಕೊನೆಗೆ ರೇಕ್ಯಾದಾಲೂರ್ ಕಣಿವೆಯ ಬಿಸಿನೀರಿನ ಹೊಳೇಲಿ ಕೂತು ಬರೋ ಟ್ರೆಕ್ ಅದು. ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳೇ ಜಾಸ್ತಿ ಇದ್ದಿದ್ರಿಂದ ಈ ಸಲ ಅವಕ್ಕೇ ಜಾಗ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಎರಡೇ ಸಾಲು, ಬೇಜಾರ್ ಮಾಡ್ಕೋಬೇಡ್ರಿ.

ಪ್ರಶ್ನೆ: ಮಗ ಜರ್ಮನೀಲಿ ಕೆಲಸ ಮಾಡ್ತಾನೆ. ಜುಲೈನಲ್ಲಿ ನಮ್ಮಿಬ್ಬರನ್ನೂ ಐಸ್‌ಲ್ಯಾಂಡಿಗೆ ಕರ್ಕೊಂಡು ಹೋಗ್ತೀನಿ, ನೀವು ಬರೆದ ಟ್ರೆಕ್ಕೇ ಬುಕ್ ಮಾಡ್ತೀನಿ ಅಂತಿದ್ದಾನೆ. ನನಗೆ 61, ಮನೆಯವರಿಗೆ 56, ಅವರಿಗೆ ಮಂಡಿನೋವು. ದಿನಾ ಕುಂದವಾಡ ಕೆರೆ ಏರಿ ಮೇಲೆ ವಾಕ್ ಮಾಡ್ತೀವಿ. ಇಷ್ಟು ಸಾಕಾಗುತ್ತಾ?
ಪಿ.ಜೆ. ಬಡಾವಣೆಯ ಓದುಗರು, ದಾವಣಗೆರೆ

ಸರ್, ಕೆರೆ ಏರಿ ಸಪಾಟು, ಅಲ್ಲಿಯ ನೆಲ ಹಂಗಿಲ್ಲ, ತೊಂದರೆ ಇರೋದು ದೂರದ್ದಲ್ಲ ಏರಿಳಿತದ್ದು. ಈ ಸೀಮೇಲಿ ನಡೆಯೋಕೆ ಎರಡು ದಾರಿ ಐತೆ. ಒಂದು, ಕ್ವೆರಾಗೆರ್ದಿ ಅನ್ನೋ ಊರಿನ ಹತ್ರ ಕಾರ್ ನಿಲ್ಲಿಸಿ ಸೀದಾ ಬಿಸಿನೀರಿನ ಹೊಳೆಗೆ ಹತ್ತೋದು, ಹೋಗೋಕೆ ಮೂರು ಕಿ.ಮೀ. ಚಿಲ್ಲರೆ, ಒಂದರಿಂದ ಒಂದೂವರೆ ಗಂಟೆ, ವಾಪಸ್ ಅದೇ ದಾರಿ. ಇನ್ನೊಂದು ಇಡೀ ದಿನದ್ದು, ಹೆಂಗಿಲ್ ಬೆಟ್ಟದ ಕಡೆಯಿಂದ ಹಿಡಿದು ಹಬೆ ಗುಂಡಿಗಳನ್ನೆಲ್ಲ ದಾಟಿ ಮೇಲಿಂದ ಕಣಿವೆಗೆ ಇಳಿಯೋದು. ಇದರ ಉದ್ದ ಒಂದೊಂದು ಕಂಪನಿದು ಒಂದೊಂದು ತರ ಇರುತ್ತೆ, ಅದಕ್ಕೆ ದುಡ್ಡು ಕಟ್ಟೋ ಮುಂಚೆ ಮಗನಿಗೆ ಹೇಳಿ ಎರಡು ವಿಷಯ ಕೇಳ್ಸಿ: ಒಟ್ಟು ಎಷ್ಟು ಕಿ.ಮೀ., ಒಟ್ಟು ಎಷ್ಟು ಮೀಟರ್ ಏರು. 'ಈಸಿ', 'ಮಾಡರೇಟ್' ಅಂತ ಬರೆದಿರ್ತಾರಲ್ಲ ಅದನ್ನ ನಂಬ್ಕೊಂಡು ಹೋಗ್ಬೇಡಿ, ಅವರ ಈಸಿ ನಮ್ಮ ಈಸಿ ಅಲ್ಲ.

ಮಂಡಿನೋವು ಇರೋರಿಗೆ ಮೊದಲನೇ ದಾರೀನೇ ಸರಿ ಅಂತ ನನ್ನ ಅಭಿಪ್ರಾಯ. ಹತ್ತೋದಕ್ಕಿಂತ ಇಳಿಯೋದೇ ಮಂಡಿಗೆ ಕಷ್ಟ, ಎರಡು ಕೈಗೂ ಟ್ರೆಕ್ಕಿಂಗ್ ಕೋಲು ಇರ್ಲಿ. ಈಗಿಂದ್ಲೇ ವಾರಕ್ಕೊಂದು ಸಲ ಚಿತ್ರದುರ್ಗದ ಕೋಟೆ ಪೂರ್ತಿ ಹತ್ತಿ ಇಳೀರಿ, ಗೇಟಿನ ಹತ್ರ ಫೋಟೋ ತೆಗೆದು ಬರೋದಲ್ಲ ಮತ್ತೆ. ಆಮೇಲೆ ಜೋಗಿಮಟ್ಟಿ. 1300 ಮೀಟರ್ ದಾಟೋ ಬೆಟ್ಟ, ಮೇಲೆ ಗಾಳಿ ಹೆಂಗೆ ಬೀಸುತ್ತೆ ಅಂತ ಆ ಸುತ್ತಿನ ಗುಡ್ಡದ ಮೇಲೆಲ್ಲ ತಿರುಗೋ ವಿಂಡ್‌ಮಿಲ್ ನೋಡಿದ್ರೇ ಗೊತ್ತಾಗುತ್ತೆ. ಅರಣ್ಯ ಇಲಾಖೆಯವರ ಹತ್ರ ಬಿಡೋ ಟೈಮ್ ಕೇಳ್ಕೊಂಡು ಹೋಗಿ.

ಇನ್ನು ಹವಾಮಾನ. ಜುಲೈ ಅಂದ್ರೆ ಅಲ್ಲಿ ಬೇಸಿಗೆ, ಆದ್ರೂ ರಾಜಧಾನಿ ರೇಕ್ಯಾವಿಕ್‌ನಲ್ಲೇ ಸರಾಸರಿ 11-12 ಡಿಗ್ರಿ, ಗುಡ್ಡದ ಮೇಲೆ ಇನ್ನೂ ಕಮ್ಮಿ. ಮಳೆ ಮೇಲಿಂದ ಬರಲ್ಲ, ಪಕ್ಕದಿಂದ ಬರುತ್ತೆ, ಕೊಡೆ ತಗೊಂಡು ಹೋದ್ರೆ ಮೊದಲ ಗಾಳಿಗೇ ಉಲ್ಟಾ. ಒಳಗೆ ಉಣ್ಣೆ ಬನಿಯನ್ನು, ಮೇಲೆ ಗಾಳಿ ಮಳೆ ಎರಡೂ ತಡೆಯೋ ಜಾಕೆಟ್ಟು ಪ್ಯಾಂಟು, ಇಷ್ಟು ಬೇಕೇ ಬೇಕು. ಜೀನ್ಸ್ ಮತ್ತು ಕಾಟನ್ ಬೇಡ, ಒದ್ದೆ ಆದ್ರೆ ಒಣಗಲ್ಲ, ಮೈಯಲ್ಲಿರೋ ಬಿಸೀನೆಲ್ಲ ಹೀರ್ಕೊಳ್ಳುತ್ತೆ. ಶೂ ಹೊಸದಾಗಿದ್ರೆ ಇಲ್ಲೇ ತಿಂಗಳುಗಟ್ಟಲೆ ಹಾಕಿ ಪಳಗಿಸಿ. ಒಂದು ಸಮಾಧಾನ ಏನಂದ್ರೆ ಜೋಗಿಮಟ್ಟಿಲಿ ಹುಲ್ಲಿಗೆ ಕಾಲಿಡೋವಾಗ ಹಾವಿನ ಭಯ ಇರುತ್ತಲ್ಲ, ಐಸ್‌ಲ್ಯಾಂಡಲ್ಲಿ ಹಾವೇ ಇಲ್ಲ.

ಪ್ರಶ್ನೆ: ಯೂಟ್ಯೂಬಲ್ಲಿ ಒಬ್ಬೊಬ್ಬರೇ ಆರಾಮಾಗಿ ಓಡಾಡ್ತಾರೆ, ದಾರಿ ಎದ್ದು ಕಾಣುತ್ತೆ, ಫೋನಲ್ಲಿ ಮ್ಯಾಪ್ ಐತೆ. ಗೈಡಿಗೆ ಅಷ್ಟೊಂದು ದುಡ್ಡು ಯಾಕೆ ಸುರೀಬೇಕು?
ಹರಿಹರದ ಓದುಗರು

ಬಿಸಿನೀರಿನ ಹೊಳೆವರೆಗೆ ಹೋಗಿ ಬರೋಕೆ ಗೈಡ್ ಬೇಡ, ನಾನೇ ಹೇಳ್ತೀನಿ. ದಾರಿ ನೀಟಾಗಿದೆ, ಬೋರ್ಡ್ ಇದಾವೆ, ಜನ ಇರ್ತಾರೆ. ಆದ್ರೆ ದಿನಪೂರ್ತಿ ಟ್ರೆಕ್‌ಗೆ, ಹಬೆ ಗುಂಡಿಗಳ ನಡುವೆ ಹೋಗೋಕೆ ಗೈಡ್ ಬೇಕು, ಅದು ದಾರಿ ತೋರ್ಸೋಕಲ್ಲ, ನೆಲ ತೋರ್ಸೋಕೆ.

ಹೆಂಗೆ ಅಂದ್ರೆ, ಕೆಳಗಿಂದ ಬರೋ ಹಬೆ ಬರೀ ನೀರಿನ ಹಬೆ ಅಲ್ಲ, ಅದರಲ್ಲಿ ಗಂಧಕದ ಅನಿಲ ಇರುತ್ತೆ, ಹೈಡ್ರೋಜನ್ ಸಲ್ಫೈಡು, ಕೊಳೆತ ಮೊಟ್ಟೆ ವಾಸನೆ. ಅದು ಮೇಲಿನ ನೀರು ಗಾಳಿ ಸೇರಿ ಆಸಿಡ್ ಆಗುತ್ತೆ, ಆ ಆಸಿಡ್ಡು ಎಂಥ ಗಟ್ಟಿ ಕಪ್ಪು ಕಲ್ಲನ್ನೂ ತಿಂದು ಜೇಡಿಮಣ್ಣು ಮಾಡಿಬಿಡುತ್ತೆ. ಮಣ್ಣು ಜಾಸ್ತಿ ನೀರು ಕಮ್ಮಿ ಇರೋ ಕಡೆ ಕೆಸರಿನ ಗುಂಡಿ ಆಗುತ್ತೆ, ಮುದ್ದೆಗೆ ಹಿಟ್ಟು ಹಾಕಿ ತೊಳಸೋ ಮುಂಚೆ ತಪ್ ತಪ್ ಅಂತ ಕುದಿಯುತ್ತಲ್ಲ ಥೇಟ್ ಹಂಗೇ. ಅದು ಕಣ್ಣಿಗೆ ಕಾಣುತ್ತೆ, ಕಂಡಿದ್ದರಿಂದ ಯಾರೂ ಬೀಳಲ್ಲ ಬಿಡ್ರಿ. ಅಪಾಯ ಇರೋದು ಅದರ ಪಕ್ಕದ ನೆಲದಲ್ಲಿ, ಮೇಲೆ ಒಣಗಿದ ಪದರ, ಕೆಳಗೆ ನೂರು ಡಿಗ್ರಿ ಹತ್ರದ ಕೆಸರು, ಮೇಲಿನ ಪದರ ಎಷ್ಟು ದಪ್ಪ ಅಂತ ನಿಂತು ನೋಡಿದ್ರೆ ದೇವರಾಣೆ ಗೊತ್ತಾಗಲ್ಲ. ನಿಮ್ಮ ಮಗು ನಡೆದ ಜಾಗದಲ್ಲೇ ನೀವು ಕಾಲಿಟ್ರೆ ಮಣಕಾಲು ತನಕ ಇಳಿಯಬಹುದು.

ಗೈಡು ನೋಡೋದು ಬಣ್ಣ. ಬೂದುಬಣ್ಣದ ಹಸಿ ಜೇಡಿ, ಬಿಳಿ ಹುಡಿ, ಗಂಧಕದ ಹಳದಿ, ಕಬ್ಬಿಣದ ಕೆಂಪು (ನಮ್ಮ ಭೀಮಸಮುದ್ರದ ಕಡೆ ಅದಿರಿನ ಧೂಳು ನೋಡಿದೋರಿಗೆ ಆ ಕೆಂಪು ಹೊಸದಲ್ಲ), ಇವು ಬೋಳಾಗಿ, ಒದ್ದೆಯಾಗಿ, ಹುಲ್ಲು ಪಾಚಿ ಇಲ್ಲದೆ ಕಂಡ್ರೆ ಆ ಕಡೆ ಹೋಗಂಗಿಲ್ಲ. ಹುಲ್ಲಿದ್ರೆ ಸೇಫ್ ಅಂತಾನೂ ಅಲ್ಲ, ಹೋದ ವರ್ಷ ತಣ್ಣಗಿದ್ದ ಜಾಗದಲ್ಲಿ ಈ ವರ್ಷ ಹಬೆ ಬರಬಹುದು, ಹುಲ್ಲು ಸಾಯೋಕೆ ಟೈಮ್ ಬೇಕಲ್ಲ. ಮ್ಯಾಪ್ ಅಂದ್ರಲ್ಲ, ಇದನ್ನ ಕೇಳಿ. 2008ರ ಮೇ 29ಕ್ಕೆ ಕ್ವೆರಾಗೆರ್ದಿ ಹತ್ರ 6ಕ್ಕಿಂತ ಜಾಸ್ತಿ ತೀವ್ರತೆಯ ಭೂಕಂಪ ಆಯ್ತು, ಆವಾಗ ಊರ ಮೇಲಿನ ಗುಡ್ಡದ ಪಕ್ಕ ಹೊಸ ಹೊಸ ಬಿಸಿನೀರಿನ ಬುಗ್ಗೆ ಎದ್ದವು. ಅಂಥ ನೆಲದ ಮ್ಯಾಪನ್ನ ಯಾವ ಫೋನ್ ಇಟ್ಕೊಳ್ಳುತ್ತೆ? ವಾರ ವಾರ ಅಲ್ಲಿ ನಡೆಯೋನ ತಲೇಲಿ ಮಾತ್ರ ಇರುತ್ತೆ.

ಇನ್ನೊಂದು, ಗಾಳಿ ತಿರುಗಿದ ತಕ್ಷಣ ಹಬೆ ಪೂರ್ತಿ ದಾರೀನೇ ಮುಚ್ಚುತ್ತೆ, ಕನ್ನಡಕ ಇರೋರಿಗಂತೂ ಎದುರಿಗೆ ಏನೂ ಕಾಣಲ್ಲ. ಆವಾಗ ಇದ್ದಲ್ಲೇ ನಿಲ್ಲೋದು, ಹಬೆ ಸರಿಯೋವರೆಗೆ ಒಂದು ಹೆಜ್ಜೇನೂ ಇಡಂಗಿಲ್ಲ. ತಗ್ಗಿನ ಜಾಗದಲ್ಲಿ ಕೂತು ಬುತ್ತಿ ಬಿಚ್ಚೋದೂ ಬೇಡ, ಈ ಅನಿಲಗಳು ಗಾಳಿಗಿಂತ ಭಾರ, ತಗ್ಗಲ್ಲೇ ನಿಲ್ತಾವೆ. ವಾಸನೆ ಬರ್ತಿದ್ದು ಇದ್ದಕ್ಕಿದ್ದಂಗೆ ಬರೋದು ನಿಂತ್ರೆ 'ಹೋಯ್ತು' ಅನ್ಕೋಬೇಡಿ, ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದ್ರೆ ಮೂಗು ವಾಸನೆ ಹಿಡಿಯೋದನ್ನೇ ಬಿಟ್ಟುಬಿಡುತ್ತೆ. ಬಯಲಲ್ಲಿ ಗಾಳಿ ಆಡೋ ಕಡೆ ಸಾಮಾನ್ಯವಾಗಿ ಅಷ್ಟು ಆಗಲ್ಲ, ಆದ್ರೂ ಅಸ್ತಮಾ ಇರೋರು ಗೈಡಿಗೆ ಮೊದಲೇ ಹೇಳಿರಿ, ಇನ್‌ಹೇಲರ್ ಬ್ಯಾಗಲ್ಲಲ್ಲ ಕಿಸೇಲಿರ್ಲಿ.

ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಲ್ಲಿ ಹಲಗೆ ದಾರಿ ಹಾಕಿ, ಬೋರ್ಡ್ ನೆಟ್ಟು, ರೇಂಜರ್ ಇಟ್ಟಿದ್ರೂ ಇಲ್ಲೀತನಕ 20ಕ್ಕೂ ಜಾಸ್ತಿ ಜನ ಬಿಸಿನೀರಲ್ಲಿ ಸುಟ್ಟು ಸತ್ತಿದ್ದಾರೆ. ಅವರ ಕಣ್ಣಿಗೂ ನೆಲ ಗಟ್ಟಿಯಾಗೇ ಕಂಡಿತ್ತು.

ಪ್ರಶ್ನೆ: ನಾನು ಇಷ್ಟಲಿಂಗ ಧರಿಸ್ತೀನಿ, ಕರಡಿಗೆ ಬೆಳ್ಳೀದು. ಕಾಲುಂಗುರಾನೂ ಬೆಳ್ಳಿ. ಅಲ್ಲಿ ಬೆಳ್ಳಿ ಕಪ್ಪಾಗುತ್ತೆ ಅಂತ ಯಾರೋ ಅಂದ್ರು, ಹೌದಾ?
ಚಳ್ಳಕೆರೆಯ ಓದುಗರು

ಹೌದು ಅಕ್ಕ, ಆಗುತ್ತೆ, ನಿಜ. ಮೇಲೆ ಹೇಳಿದ ಗಂಧಕದ ಅನಿಲ ಬೆಳ್ಳಿ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತೆ. ಹೊಳೆಗೆ ಇಳಿಯೋದೇ ಬೇಡ, ಆ ಸೀಮೇಲಿ ಹೋಟೆಲ್ ಬಾತ್‌ರೂಮಿನ ಬಿಸಿನೀರಿಗೂ ಅದೇ ವಾಸನೆ ಇರುತ್ತೆ, ಅದರಲ್ಲಿ ಸ್ನಾನ ಮಾಡಿದ್ರೂ ಕಾಲುಂಗುರ ಮಾಸುತ್ತೆ. ಬೆಳ್ಳಿ ಹಾಳಾಗಲ್ಲ, ಬಣ್ಣ ಅಷ್ಟೇ ಹೋಗೋದು, ಊರಿಗೆ ಬಂದು ಅಕ್ಕಸಾಲಿಗರ ಹತ್ರ ಪಾಲಿಶ್ ಹಾಕಿಸಿದ್ರೆ ಮೊದಲಿನ ತರಾನೇ. ಮಾಂಗಲ್ಯದ ಚಿನ್ನಕ್ಕೆ ಏನೂ ಆಗಲ್ಲ.

ಕರಡಿಗೆ ಬಿಚ್ಚಿಡಿ ಅಂತ ನಾನು ಹೇಳಲ್ಲ, ಅದು ನಿಮ್ಮ ಆಚಾರಕ್ಕೆ ಬಿಟ್ಟಿದ್ದು. ಆದ್ರೆ ಆವತ್ತೊಂದು ದಿನ ಲಿಂಗಾನ ಬಟ್ಟೆ ವಸ್ತ್ರದಲ್ಲಿ ಕಟ್ಟಿ ಧರಿಸೋಕೆ ನಿಮಗೆ ಒಪ್ಪಿಗೆ ಇದ್ರೆ, ಬೆಳ್ಳಿ ಕರಡಿಗೇನ ಗಾಳಿ ಹೋಗದಂಗೆ ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬ್ಯಾಗಲ್ಲಿ ಇಟ್ಕೋಬಹುದು.

ಪ್ರಶ್ನೆ: ಹೊಳೇಲಿ ಎಲ್ಲರೂ ಸ್ವಿಮ್ಮಿಂಗ್ ಡ್ರೆಸ್ಸಲ್ಲಿ ಇರ್ತಾರೆ. ನಮ್ಮಂಥೋರು ಏನು ಹಾಕ್ಕೋಬೇಕು? ಬಟ್ಟೆ ಬದಲಾಯಿಸೋಕೆ ರೂಮ್ ಇರುತ್ತಾ?
ಹೊಳಲ್ಕೆರೆಯ ಓದುಗರು

ರೂಮ್ ಇಲ್ಲ. ಹೊಳೆ ದಡದಲ್ಲಿ ಮರದ ಹಲಗೆ ಹಾಸಿ ಅಲ್ಲಲ್ಲಿ ಮರೆ ಕಟ್ಟಿದಾರೆ, ಬಾಗಿಲಿಲ್ಲ, ಸೂರಿಲ್ಲ, ಅಷ್ಟೇ. ಉದ್ದ ಟವೆಲ್ಲೋ ಲುಂಗಿನೋ ಸುತ್ಕೊಂಡು ಬದಲಾಯಿಸೋ ನಮ್ಮ ಹೊಳೆದಂಡೆ ಅಭ್ಯಾಸ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತೆ. ಮೈ ಮುಚ್ಚೋ ನೈಲಾನ್ ಈಜುಬಟ್ಟೆ, ಇಲ್ಲ ಬೇಗ ಒಣಗೋ ಟೀಶರ್ಟು ಲೆಗ್ಗಿಂಗ್ಸು ಹಾಕ್ಕೊಳ್ಳಿ, ಹೊಳೇಲಿ ಯಾರೂ ನಿಮ್ಮನ್ನ ನೋಡ್ತಾ ಕೂರಲ್ಲ. ಸೀರೆ, ಕಾಟನ್ ಚೂಡಿದಾರ್ ಬೇಡ, ನೀರಲ್ಲಿ ಇರೋವಾಗ ಹಿತ, ಎದ್ದ ಮೇಲೆ ಆ ಚಳಿಗಾಳಿಗೆ ಮೈ ನಡುಗಿ ಹೋಗುತ್ತೆ. ಒಣಬಟ್ಟೇನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಒಯ್ಯಿರಿ, ಮಳೆ ಬಂದ್ರೆ ದಡದಲ್ಲಿಟ್ಟಿದ್ದೆಲ್ಲ ತೊಪ್ಪೆ.

ಊರೊಳಗಿನ ಈಜುಕೊಳದ ಕಥೆ ಬೇರೆ, ಅಲ್ಲಿ ಕೊಳಕ್ಕೆ ಇಳಿಯೋ ಮುಂಚೆ ಬಟ್ಟೆ ಪೂರ್ತಿ ಬಿಚ್ಚಿ ಸೋಪ್ ಹಾಕಿ ಸ್ನಾನ ಮಾಡ್ಲೇಬೇಕು, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಕಡೆ ಇರುತ್ತೆ. ನಮಗೆ ಮುಜುಗರ, ಅವರಿಗೆ ಅದೇ ಮಡಿ.

ನೀರಿಗೆ ಇಳಿಯೋವಾಗ ಕೆಳಭಾಗದಿಂದ ಇಳೀರಿ. ಮೇಲಕ್ಕೆ ಹೋದಂಗೆಲ್ಲ ನೀರು ಬಿಸಿ ಏರುತ್ತೆ, ಬುಗ್ಗೆ ಹತ್ರ ಚರ್ಮ ಸುಡೋವಷ್ಟು. ಮೊದಲು ಕೈ ಅದ್ದಿ ನೋಡಿ, ಮಕ್ಕಳನ್ನ ಮುಂದೆ ಬಿಡಬೇಡಿ. ಬಿಪಿ ಇರೋರು ಬಿಸಿನೀರಿಂದ ದಡಕ್ಕನೆ ಏಳಬೇಡಿ, ತಲೆ ಸುತ್ತುತ್ತೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೇನು?
ವಿದ್ಯಾನಗರದ ಓದುಗರು, ದಾವಣಗೆರೆ

ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ. ಗುಡ್ಡದ ಮೇಲೆ ಅಂಗಡಿ ಇಲ್ಲ, ಇವು ಮೂರಿದ್ರೆ ಇನ್ನೇನೂ ಬೇಡ. ಲೌಗರ್‌ವಾಟ್ನ್ ಅನ್ನೋ ಕೆರೆದಂಡೆಯ ಊರಿಗೆ ಹೋದ್ರೆ ರೈ ಹಿಟ್ಟಿನ ಬ್ರೆಡ್ ತಿನ್ನಿ, ಹಿಟ್ಟನ್ನ ಪಾತ್ರೇಲಿ ಹಾಕಿ ಬಿಸಿ ಮಣ್ಣಲ್ಲಿ ಹೂತು 24 ಗಂಟೆ ಬಿಟ್ಟು ತೆಗೀತಾರೆ, ಕಂದು ಬಣ್ಣ, ಸ್ವಲ್ಪ ಸಿಹಿ. ಬೆಣ್ಣೆ ಹಚ್ಕೊಂಡು ತಿನ್ನೋದು, ದಾವಣಗೆರೆಯವರಿಗೆ ಅದನ್ನ ಹೇಳ್ಕೊಡಬೇಕಾ.

ಪ್ರಶ್ನೆ: ಅಲ್ಲಿ ನೆಲ ಕುದಿಯುತ್ತೆ, ನಮ್ಮಲ್ಲಿ ಯಾಕಿಲ್ಲ? ಚಿತ್ರದುರ್ಗದ ಬೆಟ್ಟಗಳು ಹಳೇ ಜ್ವಾಲಾಮುಖಿ ಅಂತ ನಮ್ಮೂರಲ್ಲಿ ಹೇಳ್ತಾರೆ, ನಿಜವಾ?
ಡಿಗ್ರಿ ವಿದ್ಯಾರ್ಥಿ, ಹಿರಿಯೂರು

ಅರ್ಧ ನಿಜ ತಮ್ಮಾ. ಕೋಟೆ ಇರೋ ಬಂಡೆಗಳು ಗ್ರಾನೈಟ್ ಜಾತಿ, ಅವು ಜ್ವಾಲಾಮುಖಿ ಉಗುಳಿದ್ದಲ್ಲ. ಆದ್ರೆ ನಿನ್ನ ಹಿರಿಯೂರು ತಾಲ್ಲೂಕಲ್ಲೇ, ಐಮಂಗಲದ ಕಡೆ, ಮರಡಿಹಳ್ಳಿ ಅಂತ ಐತಲ್ಲ, ಅಲ್ಲಿ ಹೋಗಿ ನೋಡು. ದಿಂಬು ಜೋಡಿಸಿಟ್ಟಂಗೆ ಉಬ್ಬುಬ್ಬಿದ ಕಲ್ಲು ಕಾಣ್ತಾವೆ, ಅದಕ್ಕೇ ದಿಂಬು ಲಾವಾ ಅನ್ನೋದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಮಾಡಿದ ಜಾಗ. ಸುಮಾರು 250 ಕೋಟಿ ವರ್ಷದ ಹಿಂದಿಂದು. ಲಾವಾ ನೀರಿನ ಒಳಗೇ ಹೊರಗೆ ಬಂದ್ರೆ ಮಾತ್ರ ಈ ಆಕಾರ ಬರುತ್ತೆ: ಹೊರಮೈ ನೀರು ತಾಗಿದ ಕ್ಷಣ ಗಟ್ಟಿಯಾಗುತ್ತೆ, ಒಳಗಿನದು ಇನ್ನೂ ದ್ರವ, ಅದು ಸಿಪ್ಪೆ ಒಡ್ಕೊಂಡು ಪಕ್ಕಕ್ಕೆ ಇನ್ನೊಂದು ಗುಂಡಾಗಿ ಉಬ್ಬುತ್ತೆ, ಅದರ ಮೇಲೆ ಮತ್ತೊಂದು. ಅಂದ್ರೆ ನಿಮ್ಮ ಮಳೆ ಕಾಣದ ಹಿರಿಯೂರು ಸೀಮೆ ಆಗ ನೀರಿನ ತಳ! ಐಸ್‌ಲ್ಯಾಂಡಲ್ಲೂ ಇದೇ ದಿಂಬು ಲಾವಾ ಐತೆ, ಹಿಮಗಡ್ಡೆ ಕೆಳಗೆ ಜ್ವಾಲಾಮುಖಿ ಸಿಡಿದಾಗ ಕರಗಿದ ನೀರಲ್ಲಿ ಆಗಿದ್ದು. ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ಇತ್ತಲ್ಲ, ಅಲ್ಲೂ ಆ ಕಾಲದ ಲಾವಾ ಕಲ್ಲಿನ ನಡುವೇನೇ ತಾಮ್ರ, ಕಬ್ಬಿಣ, ಗಂಧಕ ಸೇರಿದ ಅದಿರು ಸಿಕ್ಕಿದ್ದು.

ಇನ್ನು ಅಲ್ಲಿ ಯಾಕೆ ಈಗಲೂ ಬಿಸಿ ಅಂದ್ರೆ, ಐಸ್‌ಲ್ಯಾಂಡ್ ಕೂತಿರೋದು ಅಟ್ಲಾಂಟಿಕ್ ನಡುವಿನ ಬಿರುಕಿನ ಮೇಲೆ. ಭೂಮಿ ಮೇಲಿನ ಗಟ್ಟಿ ಪದರ ದೊಡ್ಡ ದೊಡ್ಡ ತುಂಡಾಗಿದೆ, ಅವಕ್ಕೆ ಫಲಕ ಅಂತಾರೆ; ಅಮೆರಿಕ ಕಡೆಯ ಫಲಕ, ಯುರೋಪ್ ಕಡೆಯ ಫಲಕ ಎರಡೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರೀತಾವೆ, ಸಂದೀಲಿ ಶಿಲಾಪಾಕ, ಅಂದ್ರೆ ಕರಗಿದ ಕಲ್ಲು, ಮೇಲಕ್ಕೆ ಬರುತ್ತೆ. ಮಳೆನೀರು ಬಿರುಕಲ್ಲಿ ಇಳಿದು, ಕಾದು, ಮೇಲೆ ಬರುತ್ತೆ. ನಮ್ಮ ದಖನ್ ನೆಲ ದಪ್ಪ, ಹಳೇದು, ತಣ್ಣಗಾಗಿ ಯಾವ ಕಾಲವಾಯ್ತೋ. ಐಸ್‌ಲ್ಯಾಂಡಿಗೆ ಯಾವಾಗ ಹೋಗ್ತೀಯೋ ಹೋಗು, ಮರಡಿಹಳ್ಳಿಗೆ ಈ ಭಾನುವಾರಾನೇ ಹೋಗು. ಒಂದು ಚೂರು ಕಲ್ಲೂ ಕೆತ್ಕೊಂಡು ಬರಬೇಡ.

ಪ್ರಶ್ನೆ: ಅಷ್ಟೊಂದು ಬಿಸಿನೀರು ಸುಮ್ನೆ ಹೊಳೇಲಿ ಹರಿದು ಹೋಗುತ್ತಾ? ಏನಕ್ಕೂ ಬಳಸಲ್ವಾ?
ಜಗಳೂರಿನ ರೈತರು

ನೀರಿಗೆ ಬಾಯಿಬಿಡೋ ಊರಿನೋರು ಕೇಳಬೇಕಾದ ಪ್ರಶ್ನೇನೇ ಕೇಳಿದೀರಿ. ಬಳಸ್ತಾರೆ, ಬಿಡದಂಗೆ ಬಳಸ್ತಾರೆ. ಹೆಂಗಿಲ್ ಬೆಟ್ಟದ ಬುಡದಲ್ಲೇ ಹೆಲ್ಲಿಶೇಡಿ ಅನ್ನೋ ಸ್ಥಾವರ ಐತೆ, ಬೋರ್ ಎರಡು ಕಿ.ಮೀ. ಆಳಕ್ಕೂ ಇಳೀತಾವೆ, ನಮ್ಮ ಸಾವಿರ ಅಡಿ ಬೋರ್ ಅದರ ಮುಂದೆ ಏನೂ ಅಲ್ಲ. ಅಲ್ಲಿಂದ ಬರೋ ಹಬೆಯಿಂದ 303 ಮೆಗಾವಾಟ್ ಕರೆಂಟ್ ಮಾಡೋ ಸಾಮರ್ಥ್ಯ. ಬೆಟ್ಟದ ಆಚೆ ಪಕ್ಕ ನೆಸ್ಯಾವೆಲ್ಲಿರ್ ಸ್ಥಾವರದಿಂದ ಬಿಸಿನೀರನ್ನ 27 ಕಿ.ಮೀ. ಪೈಪಲ್ಲಿ ರೇಕ್ಯಾವಿಕ್‌ಗೆ ಕಳಿಸ್ತಾರೆ, ಅಷ್ಟು ದೂರ ಹೋದ್ರೂ ತಣ್ಣಗಾಗೋದು 2 ಡಿಗ್ರಿ ಆಸುಪಾಸು ಅಷ್ಟೇ. ಆ ದೇಶದ ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಿರೋದು ನೆಲದ ಈ ಶಾಖದಿಂದ್ಲೇ. ಕ್ವೆರಾಗೆರ್ದಿ ತುಂಬ ಗಾಜಿನ ಮನೆಗಳು, ಒಳಗೆ ಟೊಮ್ಯಾಟೋ, ಸೌತೆ, ಹೂವು, ಅಲ್ಲಿಯ ಕೃಷಿ ಕಾಲೇಜಿನ ಗಾಜಿನ ಮನೇಲಿ ಬಾಳೇನೂ ಬೆಳೆದಿದಾರೆ. ಹೊರಗೆ ಹಿಮ, ಒಳಗೆ ಬಾಳೆಗೊನೆ. ನೀವು ಟ್ರೆಕ್ ಹೋಗೋರ ಪೈಕಿ ಅಲ್ಲದಿದ್ರೂ ಆ ಊರು ರೈತರು ನೋಡೋವಂಥದ್ದು.

ಪ್ರಶ್ನೆ: ಸಡನ್ನಾಗಿ ಸಿಡಿದ್ರೆ?
ಹೆಸರು ಬೇಡ ಅಂದೋರು, ಚಿತ್ರದುರ್ಗ

ಹೆಂಗಿಲ್ ಕೊನೇ ಸಲ ಉಕ್ಕಿ ಸುಮಾರು ಎರಡು ಸಾವಿರ ವರ್ಷ ಆಗಿದೆ, ಆದ್ರೆ ಸತ್ತಿಲ್ಲ. ಪಕ್ಕದ ರೇಕ್ಯಾನೆಸ್ ಕಡೆ 2021ರಿಂದ ಮತ್ತೆ ಮತ್ತೆ ಲಾವಾ ಉಕ್ಕಿದೆ, 2023ರ ನವೆಂಬರಲ್ಲಿ ಗ್ರಿಂಡಾವಿಕ್ ಅನ್ನೋ ಇಡೀ ಊರನ್ನೇ ಖಾಲಿ ಮಾಡಿಸಿದ್ರು. ಅಲ್ಲಿ ಮೊದಲು ನೆಲ ನಡುಗುತ್ತೆ, ಉಬ್ಬುತ್ತೆ, ಯಂತ್ರಗಳು ಹಿಡೀತಾವೆ. ಹಂಗಂತ ಎಲ್ಲಾ ಕಡೆ ಹಂಗಲ್ಲ. ನ್ಯೂಜಿಲೆಂಡಿನ ವಾಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ಕ್ಕೆ ಬಿಸಿನೀರಿನ ಹಬೆ ಒತ್ತಡಕ್ಕೆ ಸಿಡಿದಾಗ ದ್ವೀಪದ ಮೇಲೆ 47 ಜನ ಇದ್ರು, 22 ಜನ ಸತ್ರು. ಅವರಲ್ಲಿ ಹೆಚ್ಚಿನೋರು ಗೈಡ್ ಜೊತೇನೇ ಹೋದೋರು, ಗೈಡ್‌ಗಳೂ ಸತ್ರು. ಜ್ವಾಲಾಮುಖಿ ಚುರುಕಾಗಿದೆ ಅಂತ ಎಚ್ಚರಿಕೆ ಮಟ್ಟ ಏರಿಸಿದ ಮೇಲೂ ಟೂರ್ ನಡೀತಾ ಇತ್ತು.

ಅದಕ್ಕೆ ಹರಿಹರದ ಓದುಗರಿಗೆ ಗೈಡ್ ಬೇಕು ಅಂದಿದ್ದಕ್ಕೆ ಇದೊಂದು ಸೇರಿಸ್ಕೊಳ್ಳಿ: ಬುಕ್ ಮಾಡೋ ಮುಂಚೆ 'ನೀವು ಯಾವಾಗ ಕ್ಯಾನ್ಸಲ್ ಮಾಡ್ತೀರಿ, ದುಡ್ಡು ವಾಪಸ್ ಕೊಡ್ತೀರಾ' ಅಂತ ಕೇಳಿ. 'ನಾವು ಯಾವತ್ತೂ ಕ್ಯಾನ್ಸಲ್ ಮಾಡಲ್ಲ' ಅನ್ನೋರ ಹತ್ರ ಹೋಗ್ಬೇಡಿ. ಐಸ್‌ಲ್ಯಾಂಡಲ್ಲಿ ತುರ್ತು ನಂಬರ್ 112.

ಪ್ರಶ್ನೆ: ವೀಸಾ?
ಹೊಸದುರ್ಗದ ಓದುಗರು

ಶೆಂಗೆನ್ ವೀಸಾ, ಐಸ್‌ಲ್ಯಾಂಡ್, ಜರ್ಮನಿ ಸೇರಿ ಯುರೋಪಿನ ಹಲವು ದೇಶಕ್ಕೆ ಅದೊಂದೇ ಸಾಕು. ಜಾಸ್ತಿ ದಿನ ಯಾವ ದೇಶದಲ್ಲಿ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕೋದು, ಮೊದಲ ಪತ್ರದ ಸರ್ ತರ ಜರ್ಮನೀಲಿ ಮಗನ ಮನೇಲಿ ಜಾಸ್ತಿ ದಿನ ಇದ್ರೆ ಜರ್ಮನಿಗೇ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ, ಮಾಡಿಸೋವಾಗ ಟ್ರೆಕ್ಕಿಂಗ್ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ, ಏಜೆಂಟ್ ಮಾತು ಸಾಲಲ್ಲ.

ಪ್ರಶ್ನೆ: ಫಾರಿನ್ನಿಗೆ ಹೋಗೋವಷ್ಟು ನಮ್ಮ ಹತ್ರ ಇಲ್ಲ. ನಮ್ಮ ದೇಶದಲ್ಲಿ ಇಂಥದ್ದು ಎಲ್ಲೂ ಇಲ್ವಾ?
ಚನ್ನಗಿರಿಯ ಓದುಗರು

ಐತೆ. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆ ಇದಾವೆ, ಆದ್ರೆ ಹೆಚ್ಚಿನವು ಜ್ವಾಲಾಮುಖಿಯಿಂದ ಆದವಲ್ಲ, ನೀರು ಬಿರುಕಲ್ಲಿ ಆಳಕ್ಕಿಳಿದು ಕಾದು ಬರೋದು. ಐಸ್‌ಲ್ಯಾಂಡಿನ ನೆಲಕ್ಕೆ ಸ್ವಲ್ಪ ಹತ್ರದ ನೋಟ ಬೇಕಂದ್ರೆ ಲಡಾಖಿನ ಪೂಗಾ ಕಣಿವೆ. 4,400 ಮೀಟರ್ ಎತ್ತರ, ಹಬೆ, ಗಂಧಕ, ಬಿಳಿ ಉಪ್ಪು ಕಟ್ಟಿದ ನೆಲ, ಎತ್ತರ ಜಾಸ್ತಿ ಇರೋದ್ರಿಂದ ನೀರು 85 ಡಿಗ್ರಿಗೇ ಕುದಿಯುತ್ತೆ. ಲೇಹ್‌ನಲ್ಲಿ ಎರಡು ಮೂರು ದಿನ ಮೈ ಒಗ್ಗಿಸ್ಕೊಳ್ಳದೆ ಅಲ್ಲಿಗೆ ಹೋಗೋ ಧೈರ್ಯ ಮಾಡ್ಬೇಡಿ. ಹಿಮಾಚಲದ ಮಣಿಕರಣ್‌ನಲ್ಲಿ ಗುರುದ್ವಾರದವರು ಬುಗ್ಗೆ ನೀರಲ್ಲೇ ಅನ್ನ ಬೇಯಿಸ್ತಾರೆ, ಬಸ್ಸಲ್ಲೇ ಹೋಗಬಹುದು. ಎರಡರ ಖರ್ಚೂ ಜಾಸ್ತಿ ಅನ್ಸಿದ್ರೆ ನಮ್ಮ ರಾಜ್ಯದಲ್ಲೇ ಪುತ್ತೂರು ತಾಲ್ಲೂಕಿನ ಇರ್ದೆ ಹತ್ರ ಬೆಂದ್ರು ತೀರ್ಥ ಐತೆ, ಕುದಿಯಲ್ಲ, ಹಬೆ ಇಲ್ಲ, ಉಗುರುಬೆಚ್ಚಗಿನ ನೀರು ಅಷ್ಟೇ, ಟ್ರೆಕ್ ಅಂತೂ ಅಲ್ಲವೇ ಅಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಹೋದಾಗ ಅರ್ಧ ದಿನ ಉಳಿದ್ರೆ ನೋಡ್ಕೊಂಡು ಬರಬಹುದು, ಅದಕ್ಕಂತಲೇ ಚನ್ನಗಿರಿಯಿಂದ ಗಾಡಿ ಮಾಡ್ಕೊಂಡು ಹೋಗೋ ಅವಶ್ಯಕತೆ ಇಲ್ಲ.